ದಬ್ಬಳದ ದುರುಗಕ್ಕ

ದುರುಗಕ್ಕ ನಾಯಿ ಹೊಲಿಯುವುದನ್ನು ಯಾವ ಡಾಕ್ಟರ ಹತ್ತಿರವೂ ಕಲಿತವಳಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಶೇಂಗಾ ಚೀಲಗಳ ಬಾಯಿ ಹೊಲಿಯುವ ಕೂಲಿಯವಳಾಗಿದ್ದಳು. ಗೇಣುದ್ದದ ದಬ್ಬಳಕ್ಕೆ ಸುತ್ಲಿ ದಾರ ಪೋಣಿಸಿ, ಚೀಲದ ಎರಡು ಮೂಲೆಗೂ ಕಿವಿಯಂತೆ ಗಂಟು ಬಿಟ್ಟು, ನಡುವೆ ಸರಸರ ಹೊಲಿಗೆ ಎಳೆಯುತ್ತಿದ್ದಳು. ಅವಳು ಹೊಲಿದ ಚೀಲ ಲಾರಿಯಿಂದ ಕೆಳಗೆ ಬಿದ್ದರೂ ಬಾಯಿ ಬಿಡುವುದಿಲ್ಲ ಎಂಬ ಹೆಸರಿತ್ತು. ಅವಳ ಬಾಯಿಯನ್ನೂ ಯಾರಾದರೂ ಹಾಗೇ ಹೊಲಿದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಹಮಾಲಿಗಳು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಎದುರಿಗೆ ಆಡುವ ಗಂಡಸು ಆ ಮಿಲ್ಲಿನಲ್ಲಿರಲಿಲ್ಲ.

ನಾಯಿಯ ಮೈಗೆ ಅವಳು ಮೊದಲ ಸಲ ದಬ್ಬಳ ಹಾಕಿದ್ದು ತೊಂಬತ್ತರ ದಶಕದ ಶುರುವಿನಲ್ಲಿ. ಲಾರಿ ತುಂಬುವ ಸರದಿ ಯಾರದೆಂದು ಹಮಾಲಿಗಳ ಎರಡು ಗುಂಪುಗಳು ಮಿಲ್ಲಿನ ಅಂಗಳದಲ್ಲೇ ಹೊಡೆದಾಟಕ್ಕೆ ಬಿದ್ದವು. ಚೀಲ ಎಳೆಯುವ ಕೊಕ್ಕೆಗಳೇ ಆಯುಧ. ಒಬ್ಬನ ಕಿವಿ ಹರಿಯಿತು, ಇನ್ನೊಬ್ಬನ ಹೆಗಲ ಮಾಂಸ ಕಿತ್ತು ಬಂತು. ಮಿಲ್ಲಿನ ಕಾವಲು ನಾಯಿ ರಾಜ, ಯಾರ ಪಕ್ಷ ವಹಿಸಬೇಕೆಂದು ತಿಳಿಯದೆ ನಡುವೆ ನುಗ್ಗಿ, ಪಕ್ಕೆಯಿಂದ ತೊಡೆಯವರೆಗೆ ಸೀಳಿಸಿಕೊಂಡಿತು. ಹೊಡೆದಾಡಿದವರೆಲ್ಲ ಒಂದೇ ಟೆಂಪೊ ಹತ್ತಿ ಆಸ್ಪತ್ರೆಗೆ ಹೋದರು. ನಾಯಿ ಹೊಟ್ಟಿನ ಗುಡ್ಡೆಯ ಪಕ್ಕ ಬಿದ್ದು ಕಿರುಚುತ್ತಿತ್ತು. ಅಂದು ಹಬ್ಬದ ರಜೆ, ದನದ ಆಸ್ಪತ್ರೆಗೆ ಬೀಗ. ಮಿಲ್ಲಿನ ಸಾಹುಕಾರ ಮುರುಗೇಂದ್ರಪ್ಪನವರು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತ ನಿಂತಿದ್ದರು.

"ಅತ್ರೆ ಗಾಯ ಮುಚ್ಕಳ್ಳಲ್ಲ ಸಾವ್ಕಾರ್ರೇ, ದೂರ ಸರೀರಿ," ಎಂದಳು ದುರುಗಕ್ಕ. "ಯಾರಾನ ಒಬ್ರು ಬಂದು ಅದರ ಬಾಯಿ ಹಿಡ್ಕಳ್ರಿ."

ಅರಿಸಿನ ಮೆತ್ತಿ, ಚೀಲ ಹೊಲಿದಂತೆ ಹೊಲಿದಳು. ನಾಯಿ ಬದುಕಿತು. ರಾಜನ ಪಕ್ಕೆಯ ಮೇಲಿನ ಆ ಒರಟು ಹೊಲಿಗೆಯ ಗೆರೆಯನ್ನು ಬಂದವರಿಗೆಲ್ಲ ತೋರಿಸುವುದು ಮುರುಗೇಂದ್ರಪ್ಪನವರಿಗೆ ಒಂದು ಚಟವಾಯಿತು. ದುರುಗಕ್ಕನಿಗೂ ಹೆಮ್ಮೆಯಾಯಿತು. ಜೀವಮಾನದಲ್ಲಿ ಮೊದಲ ಸಲ ಅವಳ ಕೈಗೆ ಹೆಸರು ಬಂದಿತ್ತು. ಅಲ್ಲಿಯವರೆಗೆ ಹೆಸರೆಲ್ಲ ಬಾಯಿಯದೇ.

ಕೆಲವು ವರ್ಷಗಳಲ್ಲಿ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಗಂಡ ಮಾರಣ್ಣ ಅದಕ್ಕೂ ಮೊದಲೇ ಮೂಟೆಗಳ ಅಟ್ಟಿ ಕುಸಿದು ಅದರಡಿ ಸಿಕ್ಕಿ ಸತ್ತಿದ್ದ. ಮಕ್ಕಳಿರಲಿಲ್ಲ. ದುರುಗಕ್ಕ ದಬ್ಬಳವನ್ನು ಸೆರಗಿಗೆ ಚುಚ್ಚಿಕೊಂಡು, ಮಿಲ್ಲಿನಲ್ಲಿ ಸಾಕಿದ್ದ ಒಂದು ಹೆಣ್ಣು ನಾಯಿಯನ್ನು ಜೊತೆಗೆ ಕಟ್ಟಿಕೊಂಡು, ತವರೂರು ಕೊಂಡ್ಲಹಳ್ಳಿಗೆ ಬಂದು ತಮ್ಮ ಪಾತಣ್ಣನ ಮನೆಯ ಪಕ್ಕದಲ್ಲೇ ಗುಡಿಸಲು ಹಾಕಿಕೊಂಡಳು.

ಅಲ್ಲಿ ಹಂದಿ ಬೇಟೆಯ ಗುಂಪೊಂದಿತ್ತು. ಗುಡ್ಡದ ಕಾರೆಪೊದೆಗಳಿಂದ ಇಳಿದು ಬರುವ ಕಾಡುಹಂದಿಗಳು ಶೇಂಗಾ ಹೊಲವನ್ನು ನೇಗಿಲು ಹೊಡೆದಂತೆ ಉತ್ತು ಹಾಕುತ್ತಿದ್ದವು. ಕಾನೂನಿಗೆ ಬೇಟೆ ತಪ್ಪು. ಹಂದಿಗೆ ಕಾನೂನು ಗೊತ್ತಿರಲಿಲ್ಲ, ಊರಿಗೆ ಗೊತ್ತಿದ್ದೂ ಗೊತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಬಲೆ, ಈಟಿ, ಕೊಡಲಿ ಹಿಡಿದು ಗುಂಪು ಹೊರಡುತ್ತಿತ್ತು. ಗುಂಪಿನ ಯಜಮಾನ ದೊಡ್ಡಪಾಲಯ್ಯ, ಎಮ್ಮೆಯಂಥ ಆಳು, ನಕ್ಕರೂ ಬೈದಂತೆ ಕೇಳುತ್ತಿತ್ತು. ಪಾತಣ್ಣನೂ ಅದೇ ಗುಂಪಿನವನು. ಹಂದಿಯನ್ನು ಮೊದಲು ಹಿಡಿಯಬೇಕಾದದ್ದು ಮಾತ್ರ ನಾಯಿ. ಒಂದು ಕಿವಿಗೆ ಜೋತುಬಿದ್ದರೆ ಇನ್ನೊಂದು ತೊಡೆಗೆ. ಹಂದಿ ಒಮ್ಮೆ ತಲೆ ಕೊಡವಿತೆಂದರೆ ಕೋರೆ ತಗುಲಿದ ನಾಯಿ ಗಾಳಿಗೆ ಹಾರಿ ಬೀಳುತ್ತಿತ್ತು, ಅದರ ಹಿಂದೆಯೇ ಅದರ ಕರುಳು.

ಭಾನುವಾರ ಮೊಳಕಾಲ್ಮೂರಿನ ದನದ ಆಸ್ಪತ್ರೆ ತೆರೆಯುತ್ತಿರಲಿಲ್ಲ. ಹಾಗಾಗಿ ಸೀಳಿದ ನಾಯಿಗಳು ಗೋಣಿಚೀಲದಲ್ಲಿ ದುರುಗಕ್ಕನ ಅಂಗಳಕ್ಕೆ ಬರುತ್ತಿದ್ದವು. ಅವಳು ತಂದವರ ವಂಶವನ್ನೆಲ್ಲ ಜಾಲಾಡುತ್ತಲೇ ಹೊಲಿಯುತ್ತಿದ್ದಳು. "ನಿಮ್ಮ ಹೊಟ್ಟೆ ಹಿಂಗೇ ಸೀಳ! ಹಂದಿ ಮುಂದೆ ನೀವು ಹೋಗ್ರಲೇ, ನಾಯಿ ಯಾಕೆ ಬಿಡ್ತೀರಿ?" ನಾಯಿಯ ಕಡೆ ತಿರುಗಿದರೆ ದನಿಯೇ ಬೇರೆ. "ಇರವ್ವ, ಆಯ್ತು, ಇನ್ನೊಂದೇ ಹೊಲಿಗೆ." ಹೊಲಿಗೆ ಮುಗಿಯುವುದೇ ತಡ, ನಾಯಿಯನ್ನು ಮತ್ತೆ ಚೀಲಕ್ಕೆ ಹಾಕಿ, ಮೊಪೆಡ್ಡಿನ ಮೇಲಿಟ್ಟು ಓಡುತ್ತಿದ್ದರು. ಇಷ್ಟು ಆತುರ ಏತಕ್ಕೆಂದು ಅವಳು ಯೋಚಿಸಲಿಲ್ಲ. ಆಮೇಲೆ ಕೇಳಿದರೆ, "ಚೆನ್ನಾಗೈತಕ್ಕ, ಹೊಲದಾಗೆ ಕಾವಲಿಗೆ ಬಿಟ್ಟೀವಿ," ಎನ್ನುತ್ತಿದ್ದರು. ಅವಳು ನಂಬುತ್ತಿದ್ದಳು. ಹೊಗಳಿಸಿಕೊಂಡ ಕೈಗೆ ಅನುಮಾನ ಬೇಗ ಬರುವುದಿಲ್ಲ.

ಒಂದು ದಿನ ಸೌದೆಗೆಂದು ಹೋದವಳು ಊರಾಚೆಯ ಹಳ್ಳಕ್ಕಿಳಿದಳು. ನಾತ ಮೂಗಿಗೆ ಬಡಿಯಿತು. ಕಲ್ಲುಗಳ ಸಂದಿಯಲ್ಲಿ ನಾಯಿಗಳು ಬಿದ್ದಿದ್ದವು. ಕೆಲವು ಬರೀ ಮೂಳೆ, ಕೆಲವು ಊದಿಕೊಂಡಿದ್ದವು. ಊದಿದ ಒಂದರ ಹೊಟ್ಟೆಯ ಮೇಲೆ ಸುತ್ಲಿ ದಾರದ ಹೊಲಿಗೆ, ಎರಡು ತುದಿಗೂ ಕಿವಿಯಂಥ ಗಂಟು. ಆ ಗಂಟು ಹಾಕುವ ಕೈ ಆ ಸೀಮೆಯಲ್ಲಿ ಇನ್ನೊಂದಿರಲಿಲ್ಲ. ದುರುಗಕ್ಕ ಸೌದೆಯನ್ನು ಅಲ್ಲೇ ಎಸೆದು, ಹೊಲದಲ್ಲಿದ್ದ ತಮ್ಮನನ್ನು ಹುಡುಕಿಕೊಂಡು ಹೋದಳು. ಹೋದವಳೇ ಮಣ್ಣಿನ ಹೆಂಟೆ ಎತ್ತಿ ಅವನ ಬೆನ್ನಿಗೆ ಬೀಸಿದಳು.

"ಹೇಳಲೇ! ಎಷ್ಟು ನಾಯಿ ಹಳ್ಳಕ್ಕೆ ಹಾಕೀರಿ?"

ಪಾತಣ್ಣ ಗುದ್ದಲಿ ಕೆಳಗಿಟ್ಟು ಒಂದೊಂದೇ ಹೇಳಿದ. ಗುಂಪಿನಲ್ಲಿ ಹಳೆಯದೊಂದು ಕಟ್ಟಳೆಯಿತ್ತು. ಹಂದಿಯನ್ನು ಹಿಡಿದ ನಾಯಿ, ಪಾಲು ಹಾಕುವ ಹೊತ್ತಿಗೆ ಪಾಲಿನ ಜಾಗದಲ್ಲೇ ಉಸಿರಾಡುತ್ತಿದ್ದರೆ, ನಾಯಿಯ ಒಡೆಯನಿಗೆ ಒಂದು ತೊಡೆ ಹೆಚ್ಚಿಗೆ. ಅಷ್ಟರೊಳಗೆ ಸತ್ತರೆ ಆ ತೊಡೆ ಎಲ್ಲರ ಗುಡ್ಡೆಗೆ ಸೇರುತ್ತದೆ. ಮಾಂಸಕ್ಕಿಂತ ದೊಡ್ಡದು ಮರ್ಯಾದೆ. ಆ ತೊಡೆಯನ್ನು ಹೆಗಲ ಮೇಲೆ ಹೊತ್ತು ಊರ ನಡುವೆ ನಡೆದು ಬರುವವನು ಆ ವಾರದ ಗಂಡು.

"ಪಾಲು ಮುಗಿಯಗಂಟ ಉಸುರಿದ್ರೆ ಸಾಕು ಅಂತ ನಿನ್ತಾವ ತರ್ತಿದ್ವಿ ಅಕ್ಕ," ಎಂದ ಪಾತಣ್ಣ. "ಗುಡ್ಡದ ದಾರೀಲಿ ಗಾಡಿ ಕುಲುಕಿ ಹೊಲಿಗೆ ಬಿಚ್ಚೋಗೋದು. ಪಾಲು ಆದಮೇಲೆ ಯಾರು ನೋಡ್ತಾರೆ?"

ದುರುಗಕ್ಕನಿಗೆ ಬೈಗುಳ ಬಾಯಿಗೆ ಬರಲಿಲ್ಲ. ಅವಳ ಬದುಕಿನಲ್ಲಿ ಅಂಥದ್ದು ಅದೇ ಮೊದಲು. ಜೀವ ಉಳಿಸುತ್ತಿದ್ದೇನೆ ಎಂದುಕೊಂಡು ಅವಳು ಇಷ್ಟು ದಿನ ಹೊಲಿದದ್ದು ದೊಡ್ಡಪಾಲಯ್ಯನ ಮೀಸೆಯನ್ನು.

ಮಾರನೆಯ ದಿನ ಮೊಳಕಾಲ್ಮೂರಿಗೆ ಹೋಗಿ ದನದ ಡಾಕ್ಟರು ಓಂಕಾರಮೂರ್ತಿಯವರ ಮುಂದೆ ಕೂತು ಎಲ್ಲ ಹೇಳಿದಳು. ಅವರು ಮೆತ್ತನೆಯ ಮನುಷ್ಯ, ಆದರೆ ಸುಳ್ಳು ಸಮಾಧಾನ ಹೇಳುವವರಲ್ಲ.

"ಗಾಡಿ ಕುಲುಕಿ ಸತ್ತಿರಬಹುದಮ್ಮ. ನಿಮ್ಮ ಹೊಲಿಗೆಯಿಂದಲೂ ಸತ್ತಿರಬಹುದು," ಎಂದರು. "ಮಣ್ಣು, ಕೂದಲು ಎಲ್ಲ ಒಳಗೇ ಬಿಟ್ಟು ಚೀಲದ ಹಾಗೆ ಬಿಗಿದರೆ ಒಳಗೇ ಕೊಳೀತದೆ. ನೀವು ಬಾಗಿಲು ಹಾಕಿದ್ದು ಕಳ್ಳ ಒಳಗಿದ್ದಾಗ."

ಅವಳು ಅತ್ತಳು. ಆಮೇಲೆ ಸೆರಗಿನಲ್ಲಿ ಮೂಗೊರೆಸಿಕೊಂಡು, "ಹಂಗಾರೆ ಸರಿಯಾಗಿ ಹೇಳ್ಕೊಡ್ರಿ ಸಾರ್," ಎಂದಳು. ಡಾಕ್ಟರು ಹೇಳಿಕೊಟ್ಟರು. ಕಾಯಿಸಿ ಆರಿಸಿದ ಉಪ್ಪುನೀರಿನಲ್ಲಿ ತೊಳೆಯುವುದು, ಹೊರಬಿದ್ದ ಕರುಳಿಗೆ ಒದ್ದೆ ಬಟ್ಟೆ ಮುಚ್ಚುವುದು, ಕೀವು ಇಳಿಯಲು ಕೆಳತುದಿಯಲ್ಲಿ ಸಂದು ಬಿಟ್ಟು ಹೊಲಿಯುವುದು. ಬಾಗಿದ ಸೂಜಿ, ದಾರ, ಗಾಯಕ್ಕೆ ಪುಡಿ ಕೊಟ್ಟರು. "ಹೊಲಿದ ಮೇಲೆ ಅಲುಗಾಡಿಸಬೇಡಿ. ನನಗೆ ಹೇಳಿ ಕಳಿಸಿ, ಬರ್ತೀನಿ," ಎಂದರು. ದಬ್ಬಳವನ್ನು ದುರುಗಕ್ಕ ಗುಡಿಸಲಿನ ತಡಿಕೆಗೆ ಚುಚ್ಚಿಟ್ಟಳು.

ಇನ್ನು ಕೆಂಚಿಯ ಮಾತು. ಮಿಲ್ಲಿನಿಂದ ತಂದಿದ್ದ ಹೆಣ್ಣು ನಾಯಿ ಕೊನೆಯ ಸೂಲಿನಲ್ಲಿ ಹೆತ್ತ ಒಂದೇ ಮರಿ ಅದು. ತಾಯಿ ಸತ್ತ ಮೇಲೆ ದುರುಗಕ್ಕ ಬಟ್ಟೆಯನ್ನು ಹಾಲಿನಲ್ಲಿ ಅದ್ದಿ ಚೀಪಿಸಿ ಸಾಕಿದ್ದಳು. ಬೇಟೆಗಾರರು ಮರಿ ಕೇಳಿದರೆ ಇಲ್ಲವೆನ್ನಬಾರದು ಎಂಬುದು ಊರ ರಿವಾಜು. ಅದರ ಎದೆಯ ಅಗಲ ನೋಡಿ ದೊಡ್ಡಪಾಲಯ್ಯ ಎತ್ತಿಕೊಂಡು ಹೋಗಿದ್ದ. ಆದರೂ ಕೆಂಚಿ ದಿನಾ ಬೆಳಿಗ್ಗೆ ಹಗ್ಗ ಹರಿದುಕೊಂಡು ಬಂದು ಅವಳ ಅಂಗಳದಲ್ಲಿ ಅಂಬಲಿ ಕುಡಿದು ಹೋಗುತ್ತಿತ್ತು. ಹೆತ್ತವಳಿಗಿಂತ ಹೆಚ್ಚಾಗಿ ಆ ನಾಯಿಯ ಮೇಲೆ ಅವಳು ಜೀವ ಇಟ್ಟುಕೊಂಡಿದ್ದಳು.

ಆ ಕೆಂಚಿಯೇ ಒಂದು ಭಾನುವಾರ ಮಧ್ಯಾಹ್ನ ಚೀಲದಲ್ಲಿ ಬಂತು.

ಬಿಚ್ಚಿದರೆ ಹೊಟ್ಟೆ ಬಾಯಿ ತೆರೆದಿತ್ತು. ಕರುಳಿಗೆ ಒಣಹುಲ್ಲು, ಕೆಮ್ಮಣ್ಣು ಮೆತ್ತಿತ್ತು. ದುರುಗಕ್ಕ ನೀರು ಕಾಯಿಸಲು ಓಡಿದಳು. ತೊಳೆದಷ್ಟೂ ರಕ್ತ, ತೊಳೆದಷ್ಟೂ ಮಣ್ಣು. ಪಾತಣ್ಣ ನಾಯಿಯ ಬಾಯಿಗೆ ಬಟ್ಟೆ ಕಟ್ಟಿ ತಲೆಯನ್ನು ಮಡಿಲಲ್ಲಿ ಒತ್ತಿ ಹಿಡಿದ. ಕರುಳು ಹರಿದಿರಲಿಲ್ಲ, ಅದೊಂದು ಪುಣ್ಯ. ಒಂದೊಂದೇ ಸುರುಳಿ ಒಳಗಿಟ್ಟು, ಒಳಪದರ, ಹೊರಪದರ ಹೊಲಿದಳು. ಸೂಜಿ ಚುಚ್ಚಿದಾಗಲೆಲ್ಲ ಕೆಂಚಿಯ ಮೈ ಬಿಲ್ಲಿನಂತೆ ಬಾಗುತ್ತಿತ್ತು. ಕೊನೆಕೊನೆಗೆ ಬಾಗುವುದೂ ನಿಂತು, ಬರೀ ಪಕ್ಕೆ ಏರಿಳಿಯುತ್ತಿತ್ತು.

ದಾರ ಕತ್ತರಿಸುವ ಹೊತ್ತಿಗೆ ದೊಡ್ಡಪಾಲಯ್ಯನೇ ಬಂದ. ಹಿಂದೆ ಗುಂಪಿನವರು ನಾಲ್ಕೈದು ಜನ. ಅವನ ಪಂಚೆಯೆಲ್ಲ ಹಂದಿಯ ರಕ್ತ.

"ಆಯ್ತೇನೆ ದುರುಗಿ? ಹಂದಿ ಕೂದಲು ಸುಟ್ಟಾಯ್ತು, ಕೊಯ್ಯೋದೊಂದೇ ಬಾಕಿ. ಎತ್ರಲೇ ನಾಯಿನ."

"ಎತ್ತಬ್ಯಾಡ್ರಿ ಪಾಲಯ್ಯಣ್ಣ. ಅಲುಗಾಡಿದ್ರೆ ಸಾಯ್ತೈತೆ."

"ಪಾಲು ಆದಮೇಲೆ ಸಾಯ್ಲಿ ಬಿಡು."

ಅವನು ಬಗ್ಗಿ ಚೀಲದ ಎರಡು ಮೂಲೆ ಹಿಡಿದ. ಕೆಂಚಿ ಬಟ್ಟೆ ಕಟ್ಟಿದ ಬಾಯಲ್ಲೇ ನರಳಿತು. ದುರುಗಕ್ಕ ಎದ್ದದ್ದು, ತಡಿಕೆಯಿಂದ ದಬ್ಬಳ ಕಿತ್ತದ್ದು ಯಾರ ಕಣ್ಣಿಗೂ ಬೀಳಲಿಲ್ಲ. ನೆಲಕ್ಕೆ ಒತ್ತಿದ್ದ ಅವನ ಬಲಗೈಯ ಮೇಲೆ ಎರಡೂ ಕೈಯಿಂದ ಕುತ್ತಿದಳು. ದಬ್ಬಳ ಅಂಗೈ ತೂರಿ, ಚೀಲ ತೂರಿ, ಮಣ್ಣಿಗೆ ಹೊಕ್ಕಿತು. ದೊಡ್ಡಪಾಲಯ್ಯ ಕಿರುಚಿದ್ದು ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿತಂತೆ. ದಬ್ಬಳದ ಸಮೇತ ಕೈಯನ್ನು ಮಣ್ಣಿನಿಂದ ಕಿತ್ತುಕೊಂಡು, ಎಡಗೈಯಿಂದ ಅವಳ ಮುಖಕ್ಕೆ ಗುದ್ದಿದ, ಬಿದ್ದವಳ ಪಕ್ಕೆಗೆ ಒದ್ದ. ಅವಳ ಮುಂದಿನ ಹಲ್ಲೊಂದು ಅಂಗಳದಲ್ಲಿ ಬಿತ್ತು. ಇನ್ನೊಂದು ಸಲ ಕಾಲೆತ್ತಿದವನ ಎದೆಗೆ ಪಾತಣ್ಣ ಭುಜ ಕೊಟ್ಟು ತಳ್ಳಿದ. ಅಕ್ಕನಿಗಾಗಿ ಅವನು ಮಾಡಿದ ಗಂಡಸುತನದ ಕೆಲಸ ಅದೊಂದೇ. ಅದಕ್ಕೂ ಒಬ್ಬನ ಕೊಡಲಿಯ ಕಾವಿನಿಂದ ತಲೆಗೆ ಪೆಟ್ಟು ತಿಂದ.

ದುರುಗಕ್ಕ ಬಾಯಿಂದ ರಕ್ತ ಉಗುಳಿ, ತೆವಳಿ ಬಂದು ಕೆಂಚಿಯ ಮೇಲೆ ಅಡ್ಡ ಕೂತಳು.

"ನಾಯಿ ಉಸುರು ನೋಡ್ಬೇಕು ತಾನೇ ನಿಮಗೆ? ಹಂದಿನೇ ಇಲ್ಲಿಗ್ ಹೊತ್ಕಂಬರ್ರಿ. ನನ್ನ ಅಂಗಳದಾಗೇ ಪಾಲು ಹಾಕ್ರಿ. ಸತ್ತ ಹಂದಿ ಎಷ್ಟು ಕುಲುಕಿದ್ರೂ ಸಾಯಲ್ಲ!"

ಪಾಲಿನ ಜಾಗ ಇಂಥದ್ದೇ ಆಗಬೇಕೆಂದು ಹಿರಿಯರು ಯಾರೂ ಹೇಳಿರಲಿಲ್ಲ. ಗುಂಪಿನವನೊಬ್ಬ ಕಿಸಕ್ಕನೆ ನಕ್ಕ. ದೊಡ್ಡಪಾಲಯ್ಯ ತಾನೇ ಹಲ್ಲು ಕಚ್ಚಿ ಅಂಗೈಯಿಂದ ದಬ್ಬಳ ಕಿತ್ತು ಎಸೆದು, ಟವೆಲ್ ಬಿಗಿದುಕೊಂಡ. ತೊಡೆ ಬಿಡಲು ಅವನಿಗೂ ಮನಸ್ಸಿರಲಿಲ್ಲ. "ತಗಂಬರ್ರಲೇ," ಎಂದ.

ಹಂದಿ ಬಂತು. ದುರುಗಕ್ಕನ ಅಂಗಳದಲ್ಲೇ ಮುತ್ತುಗದೆಲೆ ಹಾಸಿ ಕೊಯ್ದರು. ನಾಯಿಯ ರಕ್ತ, ಹೆಂಗಸಿನ ರಕ್ತ, ಹಂದಿಯ ರಕ್ತ ಒಂದೇ ಮಣ್ಣಿಗಿಳಿಯಿತು. ಗುಡ್ಡೆ ಹಾಕುವ ಮುನ್ನ ಒಬ್ಬ ಹಿರಿಯ ಬಗ್ಗಿ ಕೆಂಚಿಯ ಮೂಗಿಗೆ ಬೆರಳು ಹಿಡಿದು, "ಐತೆ," ಎಂದ. ದೊಡ್ಡಪಾಲಯ್ಯ ತೊಡೆಯನ್ನು ಹೆಗಲಿಗೇರಿಸಿಕೊಂಡು, ಇನ್ನೊಂದು ಕೈಯಿಂದ ರಕ್ತ ತೊಟ್ಟಿಕ್ಕಿಸುತ್ತ, ಊರ ನಡುವೆಯೇ ನಡೆದು ಹೋದ. ನಾಯಿಯ ಕಡೆ ತಿರುಗಿಯೂ ನೋಡಲಿಲ್ಲ.

ಡಾಕ್ಟರು ಮಾರನೆಯ ಬೆಳಿಗ್ಗೆ ಸ್ಕೂಟರಿನಲ್ಲಿ ಬಂದರು. ನಾಯಿಗೆ ಇಂಜೆಕ್ಷನ್ ಕೊಟ್ಟು, ಹೊಲಿಗೆಯ ಮೇಲೆ ಬೆರಳಾಡಿಸಿ, "ಇದು ಸರಿಯಾದ ಹೊಲಿಗೆ," ಎಂದರು. ಅವಳ ಊದಿದ ಮುಖ ನೋಡಿ ಪೊಲೀಸರಿಗೆ ಹೇಳೋಣವೆಂದರು. "ನಾನೂ ಚುಚ್ಚೀನಲ್ಲ ಸಾರ್, ಸಮ ಆತು," ಎಂದಳು. ಕೆಂಚಿ ಬದುಕಿತು. ಮೊದಲು ಗಂಜಿ ನೆಕ್ಕಿತು, ಆಮೇಲೆ ಎದ್ದು ನಿಂತಿತು, ಕೊಯ್ಲಿನ ಹೊತ್ತಿಗೆ ಅಂಗಳದಲ್ಲಿ ಓಡಾಡತೊಡಗಿತು. ದುರುಗಕ್ಕ ಎಲ್ಲಿ ಕೂತರೆ ಅಲ್ಲಿ ಬಂದು ಅವಳ ಪಾದದ ಮೇಲೆ ಗಲ್ಲ ಊರಿ ಮಲಗುತ್ತಿತ್ತು. ಆ ದಿನಗಳಲ್ಲಿ ಅವಳು ಯಾರನ್ನೂ ಬೈಯಲಿಲ್ಲವೆಂದು ಊರವರು ಈಗಲೂ ಆಶ್ಚರ್ಯಪಡುತ್ತಾರೆ.

ಆಗ ಬಂದ ದೊಡ್ಡಪಾಲಯ್ಯ. ಅವನ ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಅಂಗಳದಲ್ಲಿ ಓಡಾಡುತ್ತಿದ್ದ ನಾಯಿಯನ್ನು ಕಣ್ತುಂಬ ನೋಡಿದ.

"ಮುಂದಿನ ಭಾನುವಾರ ಬರ್ತೀನಿ ದುರುಗಿ. ಹಗ್ಗ ಹಾಕಿ ಇಟ್ಟಿರು."

"ಬ್ಯಾಡಣ್ಣ. ಬೇಕಾರೆ ನನ್ನ ಮೇಕೆ ಹೊಡ್ಕಂಡು ಹೋಗ್ರಿ. ಅದನ್ನ ಬಿಟ್ಬಿಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಅವಳು ನಿಜವಾಗಿಯೂ ಬಿದ್ದಳು. ಅವನು ಕಾಲು ಹಿಂದಕ್ಕೆಳೆದುಕೊಂಡ.

"ಮೇಕೆ ಹಂದಿ ಹಿಡೀತೈತೇನೆ? ಕೋರೆ ತಿಂದು ಬದುಕಿದ ನಾಯಿ ಹತ್ತು ನಾಯಿಗೆ ಸಮ. ಮೊದಲು ಬರೀ ನಾಯಿಯಾಗಿತ್ತು, ನೀನು ಹುಲಿ ಮಾಡಿ ಕೊಟ್ಟೀಯ."

ಆ ಮಾತು ಅವಳಿಗೆ ಒದೆತಕ್ಕಿಂತ ಜೋರಾಗಿ ತಗುಲಿತು. ಡಾಕ್ಟರು ಬಂದು, ಈ ನಾಯಿ ಬೇಟೆಗಾಗದು, ಇನ್ನೊಂದು ಪೆಟ್ಟಿಗೆ ಹೊಟ್ಟೆ ಉಳಿಯದು ಎಂದು ಹೇಳಿನೋಡಿದರು. ದೊಡ್ಡಪಾಲಯ್ಯ, "ಓಡ್ತೈತಲ್ಲ ಸಾರ್," ಎಂದು ನಕ್ಕ. ದುರುಗಕ್ಕ ಕೆಂಚಿಯನ್ನು ದೊಡ್ಡಉಳ್ಳಾರ್ತಿ ಊರಿನ ನಂಟರ ಮನೆಯಲ್ಲಿ ಕಟ್ಟಿ ಬಂದಳು. ಬಣವೆಗೆ ಬೆಂಕಿ ಬೀಳುತ್ತದೆಂದು ಆ ನಂಟರಿಗೆ ಯಾರೋ ಹೇಳಿ ಕಳಿಸಿದರು. ಎರಡೇ ದಿನಕ್ಕೆ ಅವರು ನಾಯಿಯನ್ನು ಟೆಂಪೊದಲ್ಲಿ ತಂದು, ಕೈ ಮುಗಿದು, ನೀರೂ ಕುಡಿಯದೆ ಹೋದರು.

ಭಾನುವಾರಕ್ಕೆ ಒಂದೇ ದಿನ ಉಳಿದಿತ್ತು. ಶನಿವಾರ ಹೊತ್ತೇರುವವರೆಗೂ ದುರುಗಕ್ಕ ಕುಡುಗೋಲನ್ನು ಕಲ್ಲಿಗೆ ಉಜ್ಜುತ್ತ ಕೂತಿದ್ದಳು. ಒಲೆಯ ಮೇಲೆ ಉಪ್ಪುನೀರು ಕುದಿಯುತ್ತಿತ್ತು. ಸೂಜಿ, ದಾರ, ಪುಡಿ ಪಕ್ಕದಲ್ಲೇ ಜೋಡಿಸಿಟ್ಟಿದ್ದಳು. ಏನು ಮಾಡಬೇಕೆಂದಿದ್ದಾಳೆಂದು ತಿಳಿದು ಪಾತಣ್ಣ ಅಳತೊಡಗಿದ.

"ಬ್ಯಾಡಕ್ಕ. ಮೂಕಪ್ರಾಣಿ."

"ಹಂಗಾರೆ ಪಾಲಯ್ಯನ್ನ ಕೊಂದು ಬಾ, ಹೋಗು," ಎಂದಳು. ಅವನು ಹೋಗಲಿಲ್ಲ. "ಹಂಗಾರೆ ತಲೆ ಹಿಡ್ಕ."

ಕೆಂಚಿ ಅವಳು ಕರೆದೊಡನೆ ಬಂದು ಪಾದದ ಬಳಿ ಮಲಗಿತು. ಬಾಯಿಗೆ ಬಟ್ಟೆ ಕಟ್ಟಲು ಅವಳಿಗೆ ಮನಸ್ಸು ಬರಲಿಲ್ಲ. ಹಿಂಗಾಲನ್ನು ಎಳೆದು ಮಡಿಲಲ್ಲಿಟ್ಟುಕೊಂಡು, "ಇರವ್ವ, ಆಯ್ತು," ಎನ್ನುತ್ತಲೇ, ಹಿಮ್ಮಡಿಯ ಮೇಲಿನ ಗಟ್ಟಿ ನರಕ್ಕೆ ಕುಡುಗೋಲಿಟ್ಟು ಒಂದೇ ಎಳೆತ ಎಳೆದಳು. ಹಗ್ಗ ಕಡಿದಂಥ ಸದ್ದಾಯಿತು. ಕೆಂಚಿ ಪಾತಣ್ಣನ ಕೈಯಿಂದ ಕೊಸರಿಕೊಂಡು ತಿರುಗಿ ಅವಳ ಮುಂಗೈಯನ್ನು ಮೂಳೆಯವರೆಗೂ ಕಚ್ಚಿ ಹಿಡಿಯಿತು. ಅವಳು ಬಿಡಿಸಿಕೊಳ್ಳಲಿಲ್ಲ. ಅದು ತಾನಾಗಿ ಬಿಡುವವರೆಗೂ ಹಾಗೇ ಕೂತಿದ್ದು, ಆಮೇಲೆ ನರ ಬಿಟ್ಟು ತೊಗಲನ್ನಷ್ಟೇ ಹೊಲಿದಳು. ತನ್ನ ಕೈಗೆ ಬಟ್ಟೆ ಸುತ್ತಿಕೊಂಡದ್ದು ಕೊನೆಗೆ.

ಭಾನುವಾರ ಹಗ್ಗ ಹಿಡಿದು ಬಂದ ದೊಡ್ಡಪಾಲಯ್ಯ, ಒಂದು ಕಾಲನ್ನು ನೆಲಕ್ಕೆ ಎಳೆಯುತ್ತಿದ್ದ ನಾಯಿಯನ್ನು ನೋಡಿದ, ಅವಳ ಕೈಯ ಬಟ್ಟೆ ನೋಡಿದ. ಎಂಥ ಮಾತಿಗೂ ತಡವರಿಸದ ಮನುಷ್ಯ ಕ್ಯಾಕರಿಸಿ ಉಗುಳಿ, "ನಿನ್ನಂಥೋಳನ್ನ ನಾನೆಲ್ಲೂ ಕಂಡಿಲ್ಲ ಕಣೆ," ಎಂದು ಹಗ್ಗ ಅಲ್ಲೇ ಬಿಸಾಕಿ ಹೋದ. ಡಾಕ್ಟರು ಬಂದು ಗಾಯ ನೋಡಿ ಯಾರು ಕೊಯ್ದದ್ದೆಂದು ಕೇಳಿದರು. "ನಾನೇ," ಎಂದಳು. ಅವರು ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ದೊಡ್ಡಾಸ್ಪತ್ರೆಯಲ್ಲಿ ನಾಯಿ ಕಡಿತದ ಸೂಜಿ ಹಾಕಿಸಿದರು.

ಆಮೇಲೂ ಸೀಳಿದ ನಾಯಿಗಳು ಬಂದವು. ಗಾಯ ಆರುವವರೆಗೆ ನಾಯಿಯನ್ನು ಅವಳ ಅಂಗಳದಿಂದ ಎತ್ತುವ ಧೈರ್ಯ ಯಾರಿಗೂ ಬರಲಿಲ್ಲ. ಹಂದಿಗಳೇ ಅಲ್ಲಿಗೆ ಬಂದು ಪಾಲಾಗುತ್ತಿದ್ದವು. ಎಷ್ಟೋ ನಾಯಿಗಳು ಬದುಕಿದವು.

ಕೆಂಚಿಯೂ ಬದುಕಿತು, ಮುದಿಯಾಗುವವರೆಗೂ ಬದುಕಿತು. ಪಾತಣ್ಣನ ಕೈಯಿಂದ ತಿನ್ನುತ್ತಿತ್ತು, ದಾರಿಹೋಕರು ಎಸೆದ ರೊಟ್ಟಿ ತಿನ್ನುತ್ತಿತ್ತು. ದುರುಗಕ್ಕ ಹತ್ತಿರ ಬಂದರೆ ಮಾತ್ರ ಮೂರು ಕಾಲಿನಲ್ಲಿ ಗೋಡೆಗೆ ಒತ್ತಿಕೊಂಡು ನಡುಗುತ್ತಿತ್ತು. ಅವಳು ಮುದ್ದೆ ಕಲಸಿ ತಟ್ಟೆಯನ್ನು ಅಂಗಳದಲ್ಲಿಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅಗುಳಿ ಬಿದ್ದ ಸದ್ದು ಕೇಳಿದ ಮೇಲೆ ಕೆಂಚಿ ತಿನ್ನಲು ಬರುತ್ತಿತ್ತು.